ಬಾಗಿಲ ಮರೆಯಲ್ಲಿ ನಿಂತವಳು

ಚಿತ್ರಶಾಲೆಯ ಮೂರನೇ ಕೋಣೆಗೆ ಪರದೆ ಹೊಲಿಯುವ ಕೆಲಸ ತನ್ನ ಚಿಕ್ಕಮ್ಮನಿಗೇ ಸಿಗಲಿ ಅಂತ ಚೀಟಿ ಮೇಡಂ ಯಾರ ಹತ್ತಿರವೂ ಮಾತು ಹಾಕಿರಲಿಲ್ಲ. ಹನ್ನೆರಡು ಅಡಿ ಎತ್ತರದ ಕಿಟಕಿಗೆ ಜೋಲು ಬೀಳದ ಹಾಗೆ ಪರದೆ ಹೊಲಿಯುವವರು ಊರಲ್ಲಿ ಇದ್ದದ್ದೇ ಇಬ್ಬರು. ಒಬ್ಬರಿಗೆ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸೋದೇ ಕಷ್ಟವಾಗಿತ್ತು. ಉಳಿದವಳು ಚಿಕ್ಕಮ್ಮ. ಕತ್ತಿಗೆ ಅಳತೆ ಟೇಪು, ಬಗಲಿಗೆ ಚೀಲ ಹಾಕಿಕೊಂಡು ಚಿತ್ರಶಾಲೆಯ ಮೆಟ್ಟಿಲು ಹತ್ತಿದವಳೇ ಬಾಗಿಲಲ್ಲಿ ನಿಂತು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದಳು:

"ನಮ್ಮ ಹುಡುಗಿ ಎಲ್ಲಿ ಕೂರ್ತಾಳಪ್ಪಾ? ಆ ಚೀಟಿ ಬರೆಯೋಳು?"

ಆ ಹುಡುಗಿಗೆ ನಲವತ್ತಾರು ವರ್ಷ. ಮೂಗಿನ ಮೇಲೆ ಕನ್ನಡಕ, ಕಿವಿಯ ಹಿಂದೆ ಪೆನ್ಸಿಲು. ಚಿತ್ರಶಾಲೆಯಲ್ಲಿ ಎಲ್ಲರೂ ಅವಳನ್ನು ಚೀಟಿ ಮೇಡಂ ಅಂತಲೇ ಕರೆಯೋದು. ಗೋಡೆಯ ಮೇಲೆ ಪ್ರತಿ ಚಿತ್ರದ ಪಕ್ಕದಲ್ಲೂ ಅಂಗೈಯಗಲದ ರಟ್ಟಿನ ಚೀಟಿ ಇರುತ್ತದಲ್ಲ, ಬರೆದವರು ಯಾರು, ಯಾವ ಕಾಲದ್ದು, ಚಿತ್ರದಲ್ಲಿ ಏನಿದೆ ಅಂತ, ಅದನ್ನು ಬರೆಯೋದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದಾಳೆ. "ಜನ ಚಿತ್ರ ನೋಡೋದು ಮೂರು ಸೆಕೆಂಡು, ಚೀಟಿ ಓದೋದು ಒಂದು ನಿಮಿಷ" ಅಂತ ಹೇಳಿ ನಗುತ್ತಾಳೆ. ಆ ನಗುವಿನಲ್ಲಿ ಅರ್ಧ ಹೆಮ್ಮೆ, ಅರ್ಧ ಹೊಟ್ಟೆಯುರಿ.

ಮೂರನೇ ಕೋಣೆ ಅಂದರೆ ದೊಡ್ಡ ಮೇಷ್ಟ್ರ ಕೋಣೆ. ದೊಡ್ಡ ಮೇಷ್ಟ್ರು ತೀರಿಕೊಂಡು ಅರವತ್ತು ವರ್ಷವಾದರೂ ಊರಿಗೆ ಚಿತ್ರ ಅಂದರೆ ಇವತ್ತಿಗೂ ಅವರೇ. ಗೋಡೆಗೆ ಸುಣ್ಣ ಬಣ್ಣ ಆಗಿ, ದೀಪ ಬದಲಾಗಿ, ಮುಂದಿನ ಬುಧವಾರ ಕೋಣೆ ಮತ್ತೆ ತೆರೆಯಬೇಕಿತ್ತು. ಮೂವತ್ತೊಂದು ಚಿತ್ರಕ್ಕೂ ಹೊಸ ಚೀಟಿ. ಶುಕ್ರವಾರ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಒಂದೊಂದು ಚೀಟಿಯ ಜೊತೆಗೂ ಒಂದೊಂದು ಹಸಿರು ಹಾಳೆ ಇರುತ್ತದೆ. ಅದರ ಕೊನೆಯಲ್ಲಿ "ಚಿತ್ರವನ್ನು ಖುದ್ದಾಗಿ ನೋಡಿ ಬರೆದಿದ್ದೇನೆ" ಅಂತ ಅಚ್ಚಾಗಿದ್ದು, ಕೆಳಗೆ ಸಹಿಗೆ ಗೆರೆ. ಸಹಿ ಇಲ್ಲದ ಹಾಳೆಯನ್ನು ಅಚ್ಚಿನವರು ಮುಟ್ಟುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಆ ಗೆರೆಯ ಮೇಲೆ ಚೀಟಿ ಮೇಡಂ ಸಹಿಯೇ ಬೀಳುತ್ತಿತ್ತು. ಇವತ್ತು ಮಂಗಳವಾರ, ಎಲ್ಲ ಮುಗಿದ ಹಾಗೇ ಇತ್ತು.

ಚಿಕ್ಕಮ್ಮ ಕಿಟಕಿಯ ಅಳತೆ ತೆಗೆದುಕೊಂಡಳು. ಬಂದ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ಆದರೆ ಬಂದವಳು ಸುಮ್ಮನೆ ಹೋಗುವ ಪೈಕಿಯಲ್ಲ. ಕೈ ಹಿಂದೆ ಕಟ್ಟಿಕೊಂಡು ಗೋಡೆಯುದ್ದಕ್ಕೂ, ಗುರುತಿಗೆ ಅಂತ ಮತ್ತೆ ಸಿಕ್ಕಿಸಿದ್ದ ಹಳೆಯ ಚೀಟಿಗಳನ್ನು ಜೋರಾಗಿ ಓದುತ್ತಾ ಹೊರಟಳು.

"ಇದು ಜವಳಿ ವ್ಯಾಪಾರಿಗಳು, ಅವರ ಹೆಸರು, ಅಪ್ಪನ ಹೆಸರು. ಇದು ಡಾಕ್ಟ್ರು, ಹೆಸರು, ಡಿಗ್ರಿ. ಇದು ಜಡ್ಜು ಸಾಹೇಬರು. ಇದು... 'ನೀರು ತರುವವಳು'. ಇದು 'ಹೂ ಹಿಡಿದವಳು'. ಇದು 'ಮಲಗಿರುವ ಹುಡುಗಿ'. ಏನೇ ಇದು?"

"ಏನು ಚಿಕ್ಕಮ್ಮ?"

"ಗಂಡಸರಿಗೆಲ್ಲ ಹೆಸರು, ಹೆಂಗಸರಿಗೆಲ್ಲ ಕೆಲಸ. ಮಲಗೋದೂ ಒಂದು ಕೆಲಸ ಅಂತ ಇವತ್ತು ಗೊತ್ತಾಯ್ತು ನೋಡು. ಹಂಗಾದ್ರೆ ನಿನ್ನ ಚಿಕ್ಕಪ್ಪ ಜೀವಮಾನ ಪೂರ್ತಿ ದುಡಿದಿದ್ದಾನೆ."

ಚೀಟಿ ಮೇಡಂ ನಕ್ಕುಬಿಟ್ಟಳು. "ಹೆಸರು ಸಿಕ್ಕಿಲ್ಲ ಚಿಕ್ಕಮ್ಮ. ವ್ಯಾಪಾರಿ ತನ್ನ ಚಿತ್ರ ತಾನೇ ಹೇಳಿ ಬರೆಸ್ಕೊಂಡ, ಕಾಗದಪತ್ರ ಇದೆ. ನೀರು ತರೋಳನ್ನ ಯಾರು ಕೇಳಿ ಬರ್ಕೊಂಡ್ರು?"

"ಅವಳಿಗೆ ಗೊತ್ತಿತ್ತಲ್ಲ ಅವಳ ಹೆಸರು. ಕೇಳಿದ್ರೆ ಹೇಳ್ತಿದ್ಲು."

ಹೀಗೆ ಮಾತಾಡುತ್ತಾ ಚಿಕ್ಕಮ್ಮ ಮೂಲೆಯ ಚಿತ್ರದ ಮುಂದೆ ನಿಂತಳು. ಈ ಕೋಣೆಗೇ ಹೆಸರು ತಂದುಕೊಟ್ಟ ಚಿತ್ರ ಅದು. ಬುಧವಾರದ ಭಿತ್ತಿಪತ್ರದ ಮೇಲೂ ಅದೇ. ಸಣ್ಣ ಮುಖದ ಒಬ್ಬ ಹೆಂಗಸು, ಬೂದು ಬಣ್ಣದ ಅಂಗಿ, ಎದುರಿಗೆ ಮೇಜು, ಮೇಜಿನ ಮೇಲೆ ಒಂದು ತುಂಡು ಬಟ್ಟೆ, ಒಂದು ದೊಡ್ಡ ಕತ್ತರಿ. ಚಿತ್ರದ ಬಲಗಡೆ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೂ ಒಂದು ಕಪ್ಪು ಮರದ ಪಟ್ಟಿ. ಅವಳ ಒಂದು ಕೈ ಆ ಪಟ್ಟಿಯ ಹಿಂದೆ ಮರೆಯಾಗಿದೆ. ಕಣ್ಣು ಮಾತ್ರ ನೆಟ್ಟಗೆ ನಮ್ಮ ಮೇಲೇ.

ಪಕ್ಕದ ಚೀಟಿಯಲ್ಲಿ ಹೀಗಿತ್ತು: "ಬಾಗಿಲ ಮರೆಯಲ್ಲಿ. ದೊಡ್ಡ ಮೇಷ್ಟ್ರು ಬರೆದದ್ದು. ನಾಚಿಕೆಯಿಂದ ಬಾಗಿಲ ಮರೆಗೆ ಸರಿದ ಅವರ ಹೆಂಡತಿ, ಗಂಡನ ಕಣ್ಣಿಗೆ ಕಂಡಂತೆ."

ಈ ಸಾಲು ಚೀಟಿ ಮೇಡಂ ಹನ್ನೊಂದು ವರ್ಷದ ಹಿಂದೆ ಬರೆದದ್ದು. ಅವಳು ಬರೆದ ಸಾವಿರಾರು ಸಾಲುಗಳಲ್ಲಿ ಊರಿಗೆ ಬಾಯಿಪಾಠವಾದ ಸಾಲು ಇದೊಂದೇ. ಅಂಚೆ ಕಾರ್ಡಿನ ಹಿಂದೆ ಅಚ್ಚಾಯಿತು. ಶಾಲೆ ಮಕ್ಕಳು ಪ್ರಬಂಧದಲ್ಲಿ ಬರೆದರು. ಚಿತ್ರಶಾಲೆಯ ನಿರ್ದೇಶಕರು ಮೇಷ್ಟ್ರ ಬಗ್ಗೆ ತಂದ ದಪ್ಪ ಪುಸ್ತಕದಲ್ಲಿ ಒಂದು ಅಧ್ಯಾಯಕ್ಕೇ "ನಾಚಿಕೆಯ ಸೌಂದರ್ಯ" ಅಂತ ಹೆಸರಾಯಿತು. ಆ ಪುಸ್ತಕ ಬರೆದವಳೂ ನಮ್ಮ ಚೀಟಿ ಮೇಡಮ್ಮೇ. ರಟ್ಟಿನ ಮೇಲೆ ಹೆಸರು ಮಾತ್ರ ನಿರ್ದೇಶಕರದು. ಮುನ್ನುಡಿಯ ಕೊನೆಯಲ್ಲಿ "ಬೆರಳಚ್ಚು ಮತ್ತಿತರ ನೆರವಿಗಾಗಿ" ಅಂತ ಅವಳಿಗೊಂದು ಥ್ಯಾಂಕ್ಸು.

ಚಿಕ್ಕಮ್ಮ ಚಿತ್ರ ನೋಡಿದಳು, ಕತ್ತು ಓರೆ ಮಾಡಿದಳು, ಪಕ್ಕೆ ಹಿಡಿದುಕೊಂಡು ನಗತೊಡಗಿದಳು.

"ಏನಾಯ್ತು?"

"ನಾಚಿಕೆ ಅಂತೆ ನಾಚಿಕೆ! ಗಂಡನ ಅಂಗಿ ಹಾಕ್ಕೊಂಡು ನಿಂತಿದ್ದಾಳೆ ಮಹರಾಯ್ತಿ, ನಾಚಿಕೆ ಇನ್ನೆಲ್ಲಿಂದ ಬರ್ಬೇಕು?"

"ಗಂಡನ ಅಂಗಿನಾ?"

"ಗುಂಡಿ ನೋಡೇ. ಹೆಂಗಸರ ಅಂಗೀಲಿ ಗುಂಡಿ ಹಾಕ್ಕೊಂಡವಳ ಎಡಗಡೆ ಇರತ್ತೆ, ಬಲಗಡೆ ಅಂಚು ಮೇಲೆ ಬರತ್ತೆ. ಗಂಡಸರದು ಉಲ್ಟಾ. ನಿನ್ನದು ನೋಡ್ಕೋ, ನನ್ನದು ನೋಡು. ಇವಳದು ಪಕ್ಕಾ ಗಂಡಸರ ಹೊಲಿಗೆ." ಹೇಳುತ್ತಾ ಹೇಳುತ್ತಾ ಮೂಗು ಚಿತ್ರಕ್ಕೆ ತಾಗುವಷ್ಟು ಬಗ್ಗಿದಳು. ನಗು ತಟಕ್ಕನೆ ನಿಂತಿತು. "ಅಲ್ಲ... ತಡಿ. ಎದೆ ಹತ್ತಿರ ಬಟ್ಟೆ ಚಿವುಟಿ ಹೊಲಿದು ಡಾರ್ಟ್ ಹಿಡಿದಿದೆ. ಎರಡೂ ಕಡೆ. ಎಷ್ಟು ಚೆನ್ನಾಗಿ ಹಿಡಿದಿದ್ದಾಳೆ ನೋಡು, ಮೊನಚು ಒಂಚೂರೂ ಉಬ್ಬಿಲ್ಲ. ಗಂಡಸಿನ ಅಂಗಿಗೆ ಯಾವ ದರ್ಜಿ ಡಾರ್ಟ್ ಹಿಡೀತಾನೆ? ಇದು ಹೆಂಗಸಿನ ಅಂಗೀನೇ."

"ಮತ್ತೆ ಗುಂಡಿ?"

"ಅದೇ ನೋಡು, ಅದೇ." ಚಿಕ್ಕಮ್ಮ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದರೆ ಏನೋ ಇದೆ ಅಂತಲೇ ಲೆಕ್ಕ. ಚೀಲದಲ್ಲಿ ಕೈ ಹಾಕಿ ತನ್ನ ಕತ್ತರಿ ತೆಗೆದಳು. ಮೂವತ್ತು ವರ್ಷ ಸವೆದ ಕಬ್ಬಿಣದ ಕತ್ತರಿ. ಅದನ್ನು ಚಿತ್ರದೊಳಗಿನ ಕತ್ತರಿಯ ಪಕ್ಕಕ್ಕೆ ಹಿಡಿದಳು. "ಇದೂ ಅಷ್ಟೆ. ನನ್ನದರಲ್ಲಿ ಬಲಗಡೆ ಅಲಗು ಮೇಲಿದೆ. ಹೆಂಗೆ ಮಗುಚಿ ಹಾಕು, ತಿರುಗಿಸು, ಬಲಗಡೆಯದೇ ಮೇಲೆ ಬರತ್ತೆ. ಇವಳದರಲ್ಲಿ ಎಡಗಡೆಯದು ಮೇಲಿದೆ. ಈ ಥರ ಕತ್ತರೀನ ನಾನು ಕಣ್ಣಲ್ಲೇ ಕಂಡಿಲ್ಲ ಕಣೇ."

"ಮೇಷ್ಟ್ರು ಗಮನಿಸದೆ ತಪ್ಪು ಬರೆದಿರಬಹುದು."

"ಡಾರ್ಟಿನ ಮೊನಚು ಬಿಡದೆ ಬರೆದಿರೋ ಕೈ ಕತ್ತರೀಲಿ ತಪ್ಪತ್ತಾ?"

ಚೀಟಿ ಮೇಡಂ ಚಿಕ್ಕಮ್ಮನ ಕೈಯಿಂದ ಕತ್ತರಿ ಇಸಕೊಂಡು, ಬಿರಬಿರನೆ ನಡೆದು, ಹೆಂಗಸರ ಕೈತೊಳೆಯುವ ಕೋಣೆಗೆ ಹೋದಳು. ಚಿಕ್ಕಮ್ಮ ಹಿಂದೆಯೇ ಓಡಿದಳು. ಅಲ್ಲಿ ಬೇಸಿನ್ನಿನ ಮೇಲೆ ಮೂಲೆ ಒಡೆದ ಒಂದು ಕನ್ನಡಿ. ಅದರ ಮುಂದೆ ಕತ್ತರಿ ಹಿಡಿದು ನೋಡಿದಳು. ಕನ್ನಡಿಯೊಳಗಿನ ಕತ್ತರಿಯಲ್ಲಿ ಎಡಗಡೆ ಅಲಗು ಮೇಲಿತ್ತು. ಕನ್ನಡಿಯೊಳಗಿನವಳ ಅಂಗಿಯ ಗುಂಡಿ, ಚಿತ್ರದವಳದ್ದರ ಹಾಗೇ, ಅವಳ ಬಲಗಡೆಗೆ ಬಂದು ಕೂತಿತ್ತು.

ಇಬ್ಬರೂ ಕನ್ನಡಿಯಲ್ಲೇ ಒಬ್ಬರ ಮುಖ ಒಬ್ಬರು ನೋಡಿದರು.

"ಕನ್ನಡಿ ನೋಡ್ಕೊಂಡು ಬರೆದದ್ದು" ಅಂದಳು ಚೀಟಿ ಮೇಡಂ ಮೆಲ್ಲಗೆ.

"ಕನ್ನಡಿ ಮುಂದೆ ನಿಂತವಳು ಯಾರು ಹಾಗಾದ್ರೆ?" ಅಂದಳು ಚಿಕ್ಕಮ್ಮ, ಅಷ್ಟು ಮೆಲ್ಲಗಲ್ಲ.

ಕೋಣೆಗೆ ವಾಪಸು ಬಂದಾಗ ಮೊಳೆ ತಾತ ಏಣಿ ಹತ್ತಿ ಓರೆಯಾಗಿದ್ದ ಜಡ್ಜು ಸಾಹೇಬರನ್ನು ಗೋಡೆಯ ಮೇಲೆ ನೆಟ್ಟಗೆ ಮಾಡುತ್ತಿದ್ದರು. ಚಿತ್ರಶಾಲೆಯ ಬಡಗಿ. ಚೌಕಟ್ಟು ಮಾಡುವುದು, ಕ್ಯಾನ್ವಾಸಿನ ಬಟ್ಟೆ ಸಡಿಲಾದರೆ ಮತ್ತೆ ಬಿಗಿಯುವುದು, ಚಿತ್ರ ಏರಿಸಿ ಇಳಿಸುವುದು ಎಲ್ಲ ಅವರೇ. ಮಾತಾಡುವಾಗಲೂ ತುಟಿಯಲ್ಲಿ ಎರಡು ಮೊಳೆ ಕಚ್ಚಿಕೊಂಡೇ ಇರುವುದರಿಂದ ಆ ಹೆಸರು.

"ತಾತ, ಒಂಚೂರು ಇಳಿದು ಬನ್ನಿ. ಈ ಬಾಗಿಲು ನೋಡಿ."

ತಾತ ಇಳಿದು ಬಂದರು. ನೋಡಿದರು. "ಯಾವ ಬಾಗಿಲು?"

"ಇದು. ಇವರು ಮರೆಯಾಗಿ ನಿಂತಿರೋದು."

"ಇದಾ? ಇದು ಬಾಗಿಲು ಅಂತ ಯಾರು ಹೇಳಿದ್ದು?"

ಚೀಟಿ ಮೇಡಂ ಗೋಡೆಯ ಕಡೆ ಬೆರಳು ತೋರಿಸಿದಳು. "ಚೀಟೀಲಿದೆ."

"ನಾನು ಚೀಟಿ ಓದಲ್ಲಮ್ಮ. ನನಗೆ ಚಿತ್ರದ ತೂಕ ಗೊತ್ತು, ಅಷ್ಟೇ." ತಾತ ತುಟಿಯ ಮೊಳೆ ತೆಗೆದು ಅದರ ಮೊನೆಯಿಂದ ತೋರಿಸಿದರು. ಕಪ್ಪು ಪಟ್ಟಿಯ ಅಂಚಿನಲ್ಲಿ, ಎರಡೆರಡು ಬೆರಳಿಗೆ ಒಂದರ ಹಾಗೆ, ಸಾಲಾಗಿ ಸಣ್ಣ ಸಣ್ಣ ಚುಕ್ಕಿಗಳು. ಹುಳ ಕೊರೆದ ಮರ ತೋರಿಸಿದ್ದಾರೆ ಅಂತ ಪುಸ್ತಕದಲ್ಲಿ ಬರೆದಿತ್ತು. "ಇವು ಮೊಳೆ. ಬಾಗಿಲಿಗೆ ಯಾರಾದ್ರೂ ಇಷ್ಟು ಒತ್ತೊತ್ತಾಗಿ ಮೊಳೆ ಹೊಡೀತಾರಾ? ಇದು ಕ್ಯಾನ್ವಾಸ್ ಬಿಗಿದ ಮರ. ಹಿಂದಿನ ಮಗ್ಗುಲು ಕಾಣ್ತಿದೆ. ನೋಡಿ, ಬಟ್ಟೆ ಮಡಚಿ ಹೊಡೆದಿರೋದೂ ಬಿಳಿಯಾಗಿ ಕಾಣತ್ತೆ. ಮೂಲೆ ಮಡಿಕೆ ಮಾತ್ರ ಸ್ವಲ್ಪ ದಪ್ಪ ಬಂದಿದೆ, ನಾನಾಗಿದ್ರೆ ಹಂಗೆ ಬಿಡ್ತಿರ್ಲಿಲ್ಲ."

"ಎಷ್ಟು ವರ್ಷದಿಂದ ಗೊತ್ತು ನಿಮಗೆ ಇದು?"

"ಬಂದಾಗಿನಿಂದ. ಮೂವತ್ತು ವರ್ಷ ಆಯ್ತೇನೋ."

"ಮತ್ತೆ ಹೇಳಲೇ ಇಲ್ಲವಲ್ಲ ತಾತ!"

"ಯಾರು ಕೇಳಿದ್ರಮ್ಮ?"

ಚೀಟಿ ಮೇಡಂ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. ಇಷ್ಟು ಹೊತ್ತಿಗೆ ಚಿತ್ರ ತಾನಾಗಿ ಬಿಚ್ಚಿಕೊಂಡಿತ್ತು. ಬಾಗಿಲಿಲ್ಲ. ಅದು ಅವಳೇ ಬರೆಯುತ್ತಿರುವ ಕ್ಯಾನ್ವಾಸು. ಮರೆಯಾದ ಕೈ ನಾಚಿ ಅಡಗಿದ ಕೈಯಲ್ಲ, ಕುಂಚ ಹಿಡಿದ ಕೈ. ಕಣ್ಣು ಗಂಡನನ್ನು ನೋಡುತ್ತಿಲ್ಲ, ನಮ್ಮನ್ನೂ ನೋಡುತ್ತಿಲ್ಲ. ಕನ್ನಡಿ ನೋಡುತ್ತಿದೆ, ದರ್ಜಿ ಬಟ್ಟೆ ನೋಡುವ ಹಾಗೆ, ಎಲ್ಲಿ ಕತ್ತರಿಸಬೇಕು ಅಂತ. ಕೆಲಸ ಮಾಡುತ್ತಾ ನಿಂತ ಒಬ್ಬಳನ್ನು ಹನ್ನೊಂದು ವರ್ಷ ಊರಿಗೆಲ್ಲ ನಾಚಿಕೊಂಡು ನಿಂತವಳು ಅಂತ ತೋರಿಸಿದ್ದು ಯಾರು? "ಖುದ್ದಾಗಿ ನೋಡಿ ಬರೆದಿದ್ದೇನೆ" ಅಂತ ಸಹಿ ಹಾಕಿದ್ದು ಯಾರು?

"ನಾನೇ ಚಿಕ್ಕಮ್ಮ" ಅಂದಳು. "ಬಾಗಿಲು ಹಾಕಿದ್ದು ನಾನೇ."

"ಹಾಕಿದವಳೇ ತೆಗಿ ಮತ್ತೆ" ಅಂದಳು ಚಿಕ್ಕಮ್ಮ. "ಅಳ್ತಾ ಕೂತ್ರೆ ಹೊಲಿಗೆ ಬಿಚ್ಚತ್ತಾ?"

ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಸಣ್ಣವರಿದ್ದಾಗ ದೊಡ್ಡ ಮೇಷ್ಟ್ರ ಕೈಯಿಂದ ತಲೆ ಸವರಿಸಿಕೊಂಡಿದ್ದವರು. ಆ ತಲೆಯಲ್ಲಿ ಈಗ ಕೂದಲಿಲ್ಲದಿದ್ದರೂ ಮೇಷ್ಟ್ರ ಕೈ ಇನ್ನೂ ಅಲ್ಲೇ ಇದೆ ಅನ್ನುವ ಹಾಗೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಾರೆ. ಚೀಟಿ ಮೇಡಂ ಹೇಳಿದ್ದನ್ನೆಲ್ಲ ಕೇಳಿದರು, ಚಹಾ ತರಿಸಿದರು, ತಲೆ ಸವರಿಕೊಂಡರು.

"ಗಂಡನ ಅಂಗಿ ಇರಬಹುದಲ್ಲ?"

"ಡಾರ್ಟ್ ಇದೆ ಸರ್."

"ಅಂದ್ರೆ?"

"ಎದೆ ಇರೋರ ಅಂಗಿ ಸರ್" ಅಂದಳು.

ನಿರ್ದೇಶಕರು ಚಹಾದ ಕಪ್ಪಿನೊಳಗೆ ನೋಡಿದರು. "ಆಯ್ತಪ್ಪ. ಮೇಷ್ಟ್ರ ಕ್ಯಾನ್ವಾಸಿನ ಹಿಂದೆ ಹೋಗಿ ನಿಂತಿರಬಹುದು ಆಯಮ್ಮ."

"ಹಾಗೆ ನಿಂತಿದ್ರೆ ಗುಂಡಿ ಎಡಗಡೆ ಇರ್ತಿತ್ತು, ಕತ್ತರಿ ಸರಿಯಾಗಿರ್ತಿತ್ತು. ಎಲ್ಲ ತಿರುಗುಮುರುಗು ಇದೆ. ಇನ್ನೊಂದು ವಿಷಯ ಸರ್. ಮೂವತ್ತು ಚಿತ್ರಕ್ಕೆ ಮೇಷ್ಟ್ರ ಸಹಿ ಇದೆ. ಇದೊಂದಕ್ಕೇ ಇಲ್ಲ."

"ಅದು ಮನೆಯವಳ ಚಿತ್ರ, ಮಾರಾಟಕ್ಕಲ್ಲ, ಅದಕ್ಕೇ ಸಹಿ ಹಾಕಿಲ್ಲ ಅಂತ ನನ್ನ ಪುಸ್ತಕದಲ್ಲೇ ಇದೆ."

"ಆ ಸಾಲು ನಾನು ಬರೆದದ್ದು ಸರ್. ಊಹೆ ಮಾಡಿ ಬರೆದೆ. ಕೇಳೋಕೆ ಚೆನ್ನಾಗಿತ್ತು, ಬರೆದೆ."

ಪುಸ್ತಕ ಬರೆದದ್ದು ಯಾರು ಅನ್ನುವ ಮಾತು ಇಷ್ಟು ವರ್ಷದಲ್ಲಿ ಆ ಕೋಣೆಯೊಳಗೆ ಬಂದದ್ದು ಇದೇ ಮೊದಲು. ನಿರ್ದೇಶಕರ ಕಿವಿ ಕೆಂಪಾಯಿತು.

"ಒಂದು ಕೆಲಸ ಮಾಡೋಣ" ಅಂದರು ಕೊನೆಗೆ. "'ದೊಡ್ಡ ಮೇಷ್ಟ್ರ ಬಳಗದ ಕೃತಿ' ಅಂತ ಹಾಕಿ. ಯಾರಿಗೂ ನೋವಾಗಲ್ಲ."

"ಬಳಗ ಎಲ್ಲಿಂದ ಬಂತು ಸರ್? ಕನ್ನಡಿ ಮುಂದೆ ನಿಂತಿದ್ದವರು ಒಬ್ಬರೇ."

"ಹಾಗಾದ್ರೆ ಸಾಕ್ಷಿ ತನ್ನಿ. ಗುಂಡಿ, ಕತ್ತರಿ, ಮೊಳೆ ಅಂತ ದರ್ಜಿ ಬಡಗಿಯರ ಮಾತು ಕೇಳಿ ಅರವತ್ತು ವರ್ಷದ ಮಾತನ್ನ ತಿರುಗಿಸೋಕಾಗತ್ತಾ? ಇಲ್ಲದಿದ್ರೆ ಬುಧವಾರಕ್ಕೆ ಹಳೇ ಚೀಟೀನೇ ಇರಲಿ. ಆಮೇಲೆ ನಿಧಾನಕ್ಕೆ ಯೋಚನೆ ಮಾಡೋಣ."

ಆಮೇಲೆ ಅಂದರೆ ಯಾವಾಗ ಅಂತ ಹತ್ತೊಂಬತ್ತು ವರ್ಷ ಆ ಕಟ್ಟಡದಲ್ಲಿ ಕೂತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋಡೆಗೆ ಒಂದು ಸಲ ಅಂಟಿದ ಚೀಟಿ ಮುಂದಿನ ಸುಣ್ಣಬಣ್ಣದ ತನಕ ಇಳಿಯುವುದಿಲ್ಲ. ಹಿಂದಿನ ಸುಣ್ಣಬಣ್ಣ ಆದದ್ದು ಹನ್ನೊಂದು ವರ್ಷದ ಹಿಂದೆ. ಶುಕ್ರವಾರ ಸಂಜೆ ತಪ್ಪಿದರೆ ಆ ಹೆಂಗಸು ಇನ್ನೊಂದು ಹನ್ನೊಂದು ವರ್ಷ ಬಾಗಿಲ ಮರೆಯಲ್ಲೇ.

ಬುಧವಾರ ಗುರುವಾರ ಎರಡೂ ದಿನ ಚೀಟಿ ಮೇಡಂ ಉಗ್ರಾಣದಲ್ಲಿ ಹಳೆಯ ಕಡತ ಕೆದಕಿದಳು. ಮೇಷ್ಟ್ರ ಪತ್ರಗಳಲ್ಲಿ ಬಣ್ಣದ ಬಗ್ಗೆ ಇತ್ತು, ಬೆನ್ನುನೋವಿನ ಬಗ್ಗೆ ಇತ್ತು, ಜಡ್ಜು ಸಾಹೇಬರ ಮೂಗಿನ ಬಗ್ಗೆ ಎರಡು ಪುಟ ಇತ್ತು. ಹೆಂಡತಿಯ ಬಗ್ಗೆ "ಮನೆಯವಳು ಕ್ಷೇಮ" ಅಂತ ಹದಿನಾರು ಕಡೆ. ಅಷ್ಟೇ. ಶುಕ್ರವಾರ ಬೆಳಗ್ಗೆ ಕೊನೆಗೆ, ಯಾರೋ ಕೊಟ್ಟ ನಂಬರು ಹಿಡಿದು ಮೇಷ್ಟ್ರ ಮೊಮ್ಮಗಳಿಗೆ ಫೋನು ಮಾಡಿದಳು. ಆಕೆ ದೂರದ ಊರಿನಲ್ಲಿ ನರ್ಸು. ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದರು, ದನಿಯಲ್ಲಿ ನಿದ್ದೆಯಿತ್ತು.

"ತಾತನ ಬಗ್ಗೆ ಆದ್ರೆ ನಂಗೇನೂ ಗೊತ್ತಿಲ್ಲ ಕಣ್ರೀ. ಎಲ್ಲ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ."

"ತಾತನ ಬಗ್ಗೆ ಅಲ್ಲ. ಅಜ್ಜಿ ಬಗ್ಗೆ."

"ಅಜ್ಜಿ ಬಗ್ಗೆ ಯಾರೂ ಕೇಳಲ್ಲವಲ್ಲ, ಅದಕ್ಕೇ... ಬಣ್ಣದಜ್ಜಿ ಅಂತಿದ್ವಿ ನಾವೆಲ್ಲ. ಉಗುರಿನ ಸಂದೀಲಿ ಯಾವಾಗ್ಲೂ ಬಣ್ಣ. ಊಟಕ್ಕೆ ಕೂತಾಗ ಅಮ್ಮ ಬೈಯೋರು."

"ಬಣ್ಣ ಹೇಗೆ ಬರ್ತಿತ್ತು ಅವರ ಉಗುರಿಗೆ?"

"ತಾತನ ಕುಂಚ ತೊಳೀತಿದ್ರಲ್ಲ, ಅದಕ್ಕೆ ಅಂತ ಅಮ್ಮ ಹೇಳ್ತಿದ್ರು."

"ತಾತ ತೀರಿಕೊಂಡ ಮೇಲೆ?"

"ಆಮೇಲೂ ಇರ್ತಿತ್ತು. ನಾನು ಹುಟ್ಟಿದ್ದೇ ತಾತ ಹೋದ ಮೇಲೆ..." ಹೇಳುತ್ತಾ ಹೇಳುತ್ತಾ ಮೊಮ್ಮಗಳು ನಿಂತರು. "ಅಯ್ಯೋ. ಹೌದಲ್ರೀ. ತಾತ ಹೋಗಿ ಎಷ್ಟೋ ವರ್ಷ ಆಗಿತ್ತಲ್ಲ. ಯಾರ ಕುಂಚ ತೊಳೀತಿದ್ರು ಅಜ್ಜಿ?"

ಚೀಟಿ ಮೇಡಂ ಆ ಪ್ರಶ್ನೆಯನ್ನು ಅಕ್ಷರ ಬಿಡದೆ ಬರೆದುಕೊಂಡಳು. ಅಜ್ಜಿಯ ಹೆಸರು, ತವರಿನ ಹೆಸರು ಸಮೇತ, ಕೇಳಿ ಕಾಗುಣಿತ ಖಚಿತ ಮಾಡಿಕೊಂಡಳು. ಫೋನು ಇಡುವ ಮುಂಚೆ ಮೊಮ್ಮಗಳು ಕೇಳಿದರು: "ಆ ಬಾಗಿಲ ಚಿತ್ರ ಅಜ್ಜಿ ಕೋಣೇಲೇ ಇತ್ತು ಗೊತ್ತಾ? ಮದುವೆಗೆ ಬಂದ ಕನ್ನಡಿ ಒಂದಿತ್ತು, ನಿಲುವುಗನ್ನಡಿ. ಅದರ ಎದುರಿಗೇ ತೂಗುಹಾಕಿದ್ರು. ಚಿತ್ರ ಕನ್ನಡೀಲಿ ಕಾಣ್ತಿತ್ತು. 'ಇಲ್ಲಿ ನೋಡಿದ್ರೆ ನಾನು ಸರಿಯಾಗಿದ್ದೀನಿ' ಅಂತ ನಗೋರು. ನಮಗೆ ಅರ್ಥವೇ ಆಗ್ತಿರಲಿಲ್ಲ."

ಮಧ್ಯಾಹ್ನ ಮೂರು ಗಂಟೆಗೆ ಅಚ್ಚಿನವರು ಬಂದು ಹೊರಗೆ ಕೂತರು. ಚೀಟಿ ಮೇಡಂ ಮೂವತ್ತು ಹಸಿರು ಹಾಳೆ ಜೋಡಿಸಿ ನಿರ್ದೇಶಕರ ಮೇಜಿನ ಮೇಲೆ ಇಟ್ಟಳು. ಮೊಮ್ಮಗಳು ಹೇಳಿದ್ದನ್ನೆಲ್ಲ ಹೇಳಿದಳು. ಅದರ ಪಕ್ಕಕ್ಕೆ ಎರಡು ಹಾಳೆ ಬೇರೆ ಇಟ್ಟಳು. ಒಂದರ ಮೇಲೆ ಹಳೆಯ ಚೀಟಿಯ ಮಾತು, ಇನ್ನೊಂದರ ಮೇಲೆ ಹೊಸದು, ಅದರ ಕೆಳಗೆ ಆಧಾರವಾಗಿ ಮೊಮ್ಮಗಳ ಮಾತು. ಹೊಸದರಲ್ಲಿ ಅವಳ ಸಹಿ ಇತ್ತು. ಹಳೆಯದರಲ್ಲಿ ಗೆರೆ ಖಾಲಿ.

ನಿರ್ದೇಶಕರು ಎರಡನ್ನೂ ಓದಿದರು. ಮೊಮ್ಮಗಳ ಮಾತಿನ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಆದರೂ ಹಳೆಯ ಹಾಳೆಯನ್ನೇ ಅವಳ ಕಡೆ ತಳ್ಳಿದರು.

"ಈ ಸಲಕ್ಕೆ ಇದಕ್ಕೆ ಸಹಿ ಹಾಕಿಬಿಡಿ. ಬುಧವಾರ ದೊಡ್ಡ ದೊಡ್ಡವರೆಲ್ಲ ಬರ್ತಾರೆ. ಅವರ ಮುಂದೆ ರಾದ್ಧಾಂತ ಬೇಡ."

"ಹಾಕಲ್ಲ ಸರ್."

"ಏನಂದ್ರಿ?"

"ನಾನು ಇದಕ್ಕೆ ಸಹಿ ಹಾಕಲ್ಲ. ಒಂದು ಸಲ ಹಾಕಿದ್ದೆ, ಆವಾಗ ನೋಡಿರಲಿಲ್ಲ. ಈಗ ನೋಡಿದ್ದೀನಿ." ಹಾಳೆಯನ್ನು ವಾಪಸು ಅವರ ಕಡೆಗೇ ಸರಿಸಿದಳು. "ನೀವು ಮೇಲಿನವರು, ನೀವು ಹಾಕಬಹುದು. ಕೋಣೆ ಹತ್ತೇ ಹೆಜ್ಜೆ. ಹೋಗಿ ಖುದ್ದಾಗಿ ನೋಡಿ. ಬಾಗಿಲು ಕಂಡ್ರೆ ಈ ಹಾಳೆಗೆ ಸಹಿ ಹಾಕಿ ಅಚ್ಚಿಗೆ ಕೊಡಿ. ನಾನು ತುಟಿಪಿಟಕ್ಕೆನ್ನಲ್ಲ."

ನಿರ್ದೇಶಕರು ಎದ್ದರು. ಹಾಳೆ ಮತ್ತು ಪೆನ್ನು ಹಿಡಿದುಕೊಂಡು ದಡದಡ ಮೂರನೇ ಕೋಣೆಗೆ ನಡೆದರು. ಚೀಟಿ ಮೇಡಂ ಹಿಂದೆ. ಅಲ್ಲಿ ಚಿಕ್ಕಮ್ಮ ಏಣಿಯ ಮೇಲೆ ನಿಂತು ಪರದೆಗೆ ಕೊಕ್ಕೆ ಸಿಕ್ಕಿಸುತ್ತಿದ್ದಳು. ಮೊಳೆ ತಾತ ಏಣಿ ಹಿಡಿದುಕೊಂಡಿದ್ದರು. ಕಿಟಕಿಯ ಬೆಳಕೆಲ್ಲ ಮೂಲೆಯ ಚಿತ್ರದ ಮೇಲೇ ಬಿದ್ದಿತ್ತು.

ನಿರ್ದೇಶಕರು ಚಿತ್ರದ ಮುಂದೆ ನಿಂತರು. ಅಷ್ಟು ಹತ್ತಿರ ನಿಂತು ಆ ಚಿತ್ರವನ್ನು ಎಷ್ಟು ವರ್ಷದ ಮೇಲೆ ನೋಡಿದರೋ, ಅವರಿಗೇ ಗೊತ್ತು. ಕಪ್ಪು ಪಟ್ಟಿಯ ಮೇಲೆ ಬೆರಳು ಮುಟ್ಟಿಸದೆ, ಗಾಳಿಯಲ್ಲೇ ಚುಕ್ಕಿ ಚುಕ್ಕಿ ಎಣಿಸುತ್ತಾ ಮೇಲಿಂದ ಕೆಳಗೆ ಬಂದರು. ಆಮೇಲೆ ತಮ್ಮ ಕೋಟಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಚಿತ್ರದ ಅಂಗಿಯ ಗುಂಡಿ ನೋಡಿದರು. ಮತ್ತೆ ತಮ್ಮದು. ಮತ್ತೆ ಅವಳದು.

ಏಣಿಯ ಮೇಲಿಂದ ಚಿಕ್ಕಮ್ಮ ತಡೆಯಲಾರದೆ ಹೇಳಿಯೇಬಿಟ್ಟಳು: "ಸ್ವಾಮೀ, ಕೆಲಸ ಮಾಡೋ ಹೆಂಗಸಿನ ಮುಖಾನ ನಾಚ್ಕೊಂಡ ಮುಖ ಅಂದ್ಕೊಳ್ಳೋದು ನಮ್ಮ ಮನೇಲೂ ಇದೆ. ನಾನು ಹಲ್ಲಲ್ಲಿ ಸೂಜಿ ಕಚ್ಕೊಂಡು ಸುಮ್ಮನಿದ್ರೆ, 'ಇವತ್ತು ಎಷ್ಟು ವಿನಯ' ಅಂತಾರೆ ನಮ್ಮ ಯಜಮಾನ್ರು."

ಮೊಳೆ ತಾತ ಕೆಮ್ಮಿದರು. ತುಟಿಯಲ್ಲಿ ಮೊಳೆ ಇದ್ದದ್ದರಿಂದ ನಗು ಕೆಮ್ಮಾಗಿ ಬಂತು.

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು. ಹಳೆಯ ಹಾಳೆಯನ್ನು ಗೋಡೆಗೆ ಆನಿಸಿ, ಗೆರೆಯ ಹತ್ತಿರ ಪೆನ್ನು ತಂದರು. "ಚಿತ್ರವನ್ನು ಖುದ್ದಾಗಿ ನೋಡಿ" ಅನ್ನುವ ಅಕ್ಷರಗಳ ಮೇಲೆ ಪೆನ್ನಿನ ನೆರಳು ಬಿತ್ತು. ಪೆನ್ನು ಅಲ್ಲೇ ನಿಂತಿತು. ನಿಂತೇ ಇತ್ತು. ಕೊನೆಗೆ ಅವರು ಮುಚ್ಚಳ ಹಾಕಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ಮೇಷ್ಟ್ರಿಗೆ ಗೊತ್ತಿತ್ತಲ್ಲ" ಅಂದರು, ಯಾರಿಗೂ ಅಲ್ಲದ ಹಾಗೆ. "ಅವರ ಮನೇಲೇ ಇತ್ತು ಚಿತ್ರ. ಒಂದು ಮಾತೂ ಹೇಳಲಿಲ್ಲ." ತಲೆ ಸವರಿಕೊಳ್ಳಲು ಕೈ ಎತ್ತಿದವರು ಅರ್ಧಕ್ಕೇ ಇಳಿಸಿದರು. "ಹೊಸ ಹಾಳೆ ಅಚ್ಚಿಗೆ ಕೊಡಿ. ಭಿತ್ತಿಪತ್ರದ ಮೇಲೂ ಹೆಸರು ಬದಲಾಗಬೇಕು, ಪಟ್ಟಿ ಅಂಟಿಸೋಕೆ ಹೇಳಿ."

"ಆಯ್ತು ಸರ್."

"ಪುಸ್ತಕದಲ್ಲಿ ಆ ಅಧ್ಯಾಯ ಪೂರ್ತಿ ಹೋಗಬೇಕು. ಹೊಸದು ನೀವೇ ಬರೀಬೇಕಾಗತ್ತೆ."

"ಬರೀತೀನಿ ಸರ್" ಅಂದಳು ಚೀಟಿ ಮೇಡಂ. ಒಂದು ಹೆಜ್ಜೆ ಮುಂದಿಟ್ಟಿದ್ದ ನಿರ್ದೇಶಕರು ಇನ್ನೂ ಬಾಗಿಲು ದಾಟಿರಲಿಲ್ಲ. "ಬರೆದು ಹೆಸರೂ ನಾನೇ ಹಾಕ್ತೀನಿ. ನನ್ನದು."

ಅವರು ತಿರುಗಿ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಗೋಡೆಯ ಮೇಲಿನವಳೂ ತಗ್ಗಿಸಿರಲಿಲ್ಲ. ಎರಡು ಜೊತೆ ಕಣ್ಣುಗಳ ನಡುವೆ ನಿರ್ದೇಶಕರು ಸ್ವಲ್ಪ ಹೊತ್ತು ನಿಂತು, "ಹಾಕಿ" ಅಂತ ಹೇಳಿ ಹೊರಟರು.

ಬುಧವಾರ ಬಂದ ದೊಡ್ಡವರು ಭಾಷಣ ಮಾಡಿ ಹೋದರು. ಪರದೆ ಎಲ್ಲೂ ಜೋಲು ಬೀಳಲಿಲ್ಲ. ಆಮೇಲೆ ಜನ ಬಂದರು. ಮೂಲೆಯ ಚಿತ್ರದ ಪಕ್ಕದಲ್ಲಿ ಹೊಸ ಚೀಟಿ ಇತ್ತು. ಮೊದಲ ಸಾಲಿನಲ್ಲಿ, ಬರೆದವರ ಜಾಗದಲ್ಲಿ, ಬಣ್ಣದಜ್ಜಿಯ ಪೂರ್ತಿ ಹೆಸರು. ಕೆಳಗೆ: "ಕೆಲಸದಲ್ಲಿ. ಕನ್ನಡಿ ನೋಡಿ ತಾನೇ ಬರೆದುಕೊಂಡ ತನ್ನ ಚಿತ್ರ. ಬಲಗಡೆ ಕಾಣುವುದು ಬಾಗಿಲಲ್ಲ, ಇದೇ ಕ್ಯಾನ್ವಾಸು. ನಂಬಿಕೆ ಬರದಿದ್ದರೆ ಮೊಳೆ ನೋಡಿ, ಕತ್ತರಿ ನೋಡಿ, ಗುಂಡಿ ನೋಡಿ."

ಚೀಟಿ ಮೇಡಂ ಪರದೆಯ ಪಕ್ಕದಲ್ಲಿ ನಿಂತು ನೋಡಿದಳು. ಚೀಟಿ ಓದಿದವರೆಲ್ಲ ಒಂದು ಸಲ ತಮ್ಮ ಎದೆಯ ಮೇಲಿನ ಗುಂಡಿ ಮುಟ್ಟಿ ನೋಡಿಕೊಂಡು, ಪಕ್ಕದವರ ಗುಂಡಿ ನೋಡಿ, ಮತ್ತೆ ಚಿತ್ರ ನೋಡುತ್ತಿದ್ದರು. ಮೂರು ಸೆಕೆಂಡಲ್ಲ. ಒಬ್ಬ ಹೆಂಗಸಂತೂ ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು, ಚಿತ್ರಕ್ಕೆ ಬೆನ್ನು ಮಾಡಿ ನಿಂತು, ಕನ್ನಡಿಯೊಳಗೆ ಚಿತ್ರದವಳನ್ನು ಹುಡುಕಿ ನೋಡಿದಳು. ಅಲ್ಲಿ ಅವಳು ಸರಿಯಾಗಿದ್ದಳು.

"ಮುಗೀತಾ ನಿನ್ನ ಕೆಲಸ?" ಚಿಕ್ಕಮ್ಮ ಚೀಲ ಬಗಲಿಗೆ ಹಾಕಿಕೊಂಡು ಕೇಳಿದಳು.

"ಎಲ್ಲಿ ಮುಗೀತು ಚಿಕ್ಕಮ್ಮ?" ಚೀಟಿ ಮೇಡಂ ಕಿವಿಯ ಹಿಂದಿನ ಪೆನ್ಸಿಲು ತೆಗೆದಳು. ಎದುರುಗೋಡೆಯ ಮೇಲೆ 'ನೀರು ತರುವವಳು' ಇದ್ದಳು, ಪಕ್ಕದಲ್ಲಿ 'ಹೂ ಹಿಡಿದವಳು', ಅದರಾಚೆ 'ಮಲಗಿರುವ ಹುಡುಗಿ'. "ನೀನು ಬಾ ಇಲ್ಲಿ. ಈ ನೀರಿನವಳ ತೋಳು ನೋಡು. ಹೊಲಿಗೆ ಹೇಗಿದೆ ಹೇಳು."

ಚಿಕ್ಕಮ್ಮ ಚೀಲ ಕೆಳಗಿಟ್ಟಳು.